ಮನೆಮಂಟಪದಲ್ಲಿ ಇಲ್ಲದ ರಾಟೆ

ರಾಟೆ ಎಂದರೆ ಏನೆಂದು ಗೊತ್ತಿಲ್ಲದ ಇಪ್ಪತ್ತಾರು ಮಂದಿಗೆ ಒಂದೇ ಬಣ್ಣದ ಅಂಗಿ ತೊಡಿಸಿ, ಎದೆಯ ಮೇಲೆ ‘ಕೇಳಿ, ಸಹಾಯ ಮಾಡುತ್ತೇನೆ’ ಎಂದು ಬರೆಸಿ ನಿಲ್ಲಿಸಿದರೆ ಅದು ಅಂಗಡಿಯಾಗುವುದಿಲ್ಲ. ಬಿ.ಸಿ.ರೋಡಿನ ಹೆದ್ದಾರಿ ಬದಿಯಲ್ಲಿ ಕಳೆದ ವರ್ಷ ಎದ್ದು ನಿಂತ ‘ಮನೆಮಂಟಪ’ ಎಂಬ ಆ ಗಾಜಿನ ಕಟ್ಟಡಕ್ಕೆ ಮೂರು ದಿನದಲ್ಲಿ ಮೂರು ಸಲ ಹೋಗಿ ಬಂದವಳು ನಾನು. ಹೆಸರು ಮನೋರಮಾ, ಊರು ಗುರುವಾಯನಕೆರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ದಡ್ಡ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅವರು ಯಾರೂ ನನ್ನ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನನ್ನ ಮೊಬೈಲ್ ನಂಬರ್ ಕೇಳಿದ್ದಿಲ್ಲ.

ನನಗೆ ಬೇಕಾಗಿದ್ದದ್ದು ಬಾವಿಯ ರಾಟೆ. ಮೇಲೆ ಅಡ್ಡಮರಕ್ಕೆ ಕಟ್ಟುವುದು, ಹಗ್ಗ ಹಾಕಿ ಕೊಡಪಾನ ಎಳೆಯುವುದು, ಅಷ್ಟೇ. ಇದಕ್ಕಿಂತ ಹೆಚ್ಚು ವಿವರಣೆ ಕೊಡಬೇಕಾದ ಕಾಲ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಬುಧವಾರ ಸಂಜೆ ಬಸದಿಯಿಂದ ಫೋನ್ ಬಂತು. ಬೆಳ್ತಂಗಡಿಯಲ್ಲಿದ್ದ ದಿಗಂಬರ ಮುನಿಗಳು ಕಾಲ್ನಡಿಗೆಯಲ್ಲಿ ಮೂಡುಬಿದಿರೆಗೆ ಹೊರಡಲಿದ್ದಾರೆ, ಶನಿವಾರ ನಮ್ಮೂರಿನಲ್ಲಿ ತಂಗುತ್ತಾರೆ, ಭಾನುವಾರ ಬೆಳಿಗ್ಗೆ ಆಹಾರಕ್ಕೆ ಬರುತ್ತಾರೆ, ನಿಮ್ಮ ಬೀದಿಯಲ್ಲಿ ಮೂರು ಮನೆಯವರು ಸಿದ್ಧವಾಗಿ ನಿಲ್ಲಬಹುದು ಎಂದು ಹೇಳಿದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವವರು. ಅವರ ಅಡುಗೆಗೂ ಕುಡಿಯುವುದಕ್ಕೂ ಮೋಟರಿನ ನೀರು ಆಗುವುದಿಲ್ಲ. ಬಾವಿಯಿಂದ ಕೈಯಾರೆ ಸೇದಬೇಕು, ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು.

ಹನ್ನೆರಡು ವರ್ಷದ ಹಿಂದೆ ಹೀಗೆಯೇ ಒಬ್ಬರು ಮುನಿಗಳು ನಮ್ಮ ಅಂಗಳದವರೆಗೆ ಬಂದಿದ್ದರು. ಜೊತೆಗಿದ್ದ ಬ್ರಹ್ಮಚಾರಿಗಳು ನೀರು ಎಲ್ಲಿಯದ್ದು ಎಂದು ಕೇಳಿದರು. ನಮ್ಮ ಯಜಮಾನರು ಜಿನರಾಜರಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. ‘ಮೋಟರಿನದ್ದು’ ಎಂದುಬಿಟ್ಟರು. ಮುನಿಗಳು ಒಂದು ಮಾತೂ ಆಡದೆ ತಿರುಗಿ ಪಕ್ಕದ ಮನೆಗೆ ಹೋದರು. ಮೂಡುಬಿದಿರೆಯಿಂದ ಬಂದಿದ್ದ ನಾದಿನಿಯರ ಎದುರು ಕಲಶ ಹಿಡಿದುಕೊಂಡು ನಾನು ನಿಂತೇ ಇದ್ದೆ. ಆ ಅವಮಾನ ಇನ್ನೂ ಹೊಟ್ಟೆಯೊಳಗೆ ಉಂಟು. ಈ ಸಲ ನಮ್ಮ ಬಾವಿಯ ನೀರನ್ನು ಮುನಿಗಳ ಬೊಗಸೆಗೆ ಹಾಕಲೇಬೇಕು ಎಂದು ಫೋನ್ ಇಡುವಾಗಲೇ ನಿಶ್ಚಯ ಮಾಡಿದ್ದೆ.

ನಮ್ಮ ಹಳೆಯ ರಾಟೆ ಮೋಟರು ಬಂದ ವರ್ಷವೇ ಗುಜರಿಗೆ ಹೋಗಿತ್ತು. ಹಾಕಿದ್ದು ನಾನೇ. ಉಳಿದ ಎರಡು ಮನೆಯವರ ರಾಟೆ ಅವರಿಗೇ ಬೇಕು. ಗುರುವಾಯನಕೆರೆಯ, ಬೆಳ್ತಂಗಡಿಯ ಹಾರ್ಡ್‌ವೇರ್ ಅಂಗಡಿಗಳಿಗೆ ಆಗಲೇ ಫೋನ್ ಮಾಡಿ ವಿಚಾರಿಸಿದೆ. ‘ಈಗ ಅದನ್ನು ಯಾರು ಕೇಳ್ತಾರೆ ಟೀಚರ್? ಮಂಗಳೂರಿಂದ ತರಿಸುವ, ಮಂಗಳವಾರ ಬರ್ತದೆ’ ಎಂದರು.

‘ರಾಟೆ ಇಲ್ಲದಿದ್ದರೆ ಹಾಗೇ ಎಳೆಯುವ’ ಎಂದರು ಜಿನರಾಜರು.

‘ನಲವತ್ತು ಅಡಿ ಬಾವಿ. ನಿಮ್ಮ ಎದೆಯಲ್ಲಿ ಎರಡು ಸ್ಟೆಂಟ್. ನನಗೆ ಹೆಗಲು ನೋವು. ರಾಟೆ ಇಲ್ಲದೆ ಯಾವ ಮನುಷ್ಯರು ನೀರು ಎಳೆಯುತ್ತಾರೆ?’ ಎಂದು ಗದರಿದೆ.

ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿಗೇ ಮನೆಮಂಟಪದ ದೊಡ್ಡ ಬೋರ್ಡು ಉಂಟು. ‘ಮನೆಗೆ ಬೇಕಾದದ್ದೆಲ್ಲ ಒಂದೇ ಸೂರಿನಡಿ’ ಎಂದು ಒಬ್ಬಳು ಸುಂದರಿ ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಹಿಡಿದು ನಗುತ್ತಾಳೆ. ಗುರುವಾರ ಬೆಳಿಗ್ಗೆ ಅವಳನ್ನು ನಂಬಿ ಬಸ್ಸು ಹತ್ತಿದೆ.

ಒಳಗೆ ಹೋದರೆ ಎ.ಸಿ.ಯ ಚಳಿ. ಶಾಲೆಯ ಮೈದಾನದಷ್ಟು ಜಾಗದಲ್ಲಿ ಕಕ್ಕಸು ಬೇಸಿನ್‌ಗಳ ಸಾಲು, ದೀಪಗಳ ಸಾಲು, ಬೀಗಗಳ ಸಾಲು. ಹುಡುಗ ಹುಡುಗಿಯರು ಇಬ್ಬಿಬ್ಬರಾಗಿ ನಿಂತು ಪಟ್ಟಾಂಗ ಹೊಡೆಯುತ್ತಿದ್ದರು. ನಾನು ಹತ್ತಿರ ಹೋದರೆ ಅವರು ಮೆಲ್ಲ ಮುಂದಿನ ಸಾಲಿಗೆ ಜಾರುತ್ತಿದ್ದರು. ಮೂರನೆಯ ಸಾಲಿನಲ್ಲಿ ಒಬ್ಬನನ್ನು ಅಡ್ಡಗಟ್ಟಿದೆ. ಎದೆಯ ಮೇಲೆ ‘ಭವಿತ್’ ಎಂದು ಬರೆದಿತ್ತು.

‘ಬಾವಿಯ ರಾಟೆ ಎಲ್ಲಿ ಉಂಟು?’

‘ಬ್ರ್ಯಾಂಡ್ ಯಾವುದು ಮೇಡಂ?’

‘ರಾಟೆಗೆ ಎಂಥ ಬ್ರ್ಯಾಂಡ್ ಮಾರಾಯ? ನೀರು ಸೇದುವ ರಾಟೆ.’

ಅವನು ಕೈಯಲ್ಲಿದ್ದ ಮೊಬೈಲಿನಲ್ಲಿ ಏನೋ ಒತ್ತಿದ. ‘ಸಿಸ್ಟಮ್‌ನಲ್ಲಿ ಇಲ್ಲ ಮೇಡಂ. ನಿಮ್ಮ ನಂಬರ್ ಹೇಳ್ತೀರಾ? ಬಂದರೆ ಮೆಸೇಜ್ ಬರ್ತದೆ.’

‘ನಿನ್ನ ಮನೆ ಎಲ್ಲಿ?’

‘ಪುಂಜಾಲಕಟ್ಟೆ.’

‘ಮನೆಯಲ್ಲಿ ಬಾವಿ ಇಲ್ಲವಾ?’

‘ಉಂಟು ಮೇಡಂ.’

‘ಅದರಿಂದ ನೀರು ಹೇಗೆ ಬರ್ತದೆ?’

‘ಸ್ವಿಚ್ ಹಾಕಿದರೆ ಬರ್ತದೆ’ ಎಂದ. ತಮಾಷೆ ಮಾಡುತ್ತಿರಲಿಲ್ಲ, ಪಾಪ. ಇವನ ಅಜ್ಜಿ ನೀರು ಸೇದಿ ಸೇದಿ ಸೊಂಟ ಬಿದ್ದವಳಿರಬೇಕು ಎಂದುಕೊಂಡೆ.

ಅವನು ಪರದೆಯ ವಿಭಾಗಕ್ಕೆ ಕಳಿಸಿದ. ಅಲ್ಲಿಯ ಹುಡುಗಿ ಕಿಟಕಿ ಪರದೆ ಎಳೆಯುವ ಬೊಟ್ಟಿನ ಗಾತ್ರದ ಚಕ್ರ ತೋರಿಸಿದಳು. ಬಾವಿಗೆ ಎಂದೆ. ಹಾಗಾದರೆ ನೀರಿನ ವಿಭಾಗ ಎಂದು ಬಚ್ಚಲುಮನೆಯ ಸಾಮಾನಿನ ಕಡೆಗೆ ದೂಡಿದಳು. ಅಲ್ಲಿ ಕೂದಲಿಗೆ ಕೆಂಪು ಬಣ್ಣ ಹಚ್ಚಿದವನೊಬ್ಬ ತಾಳೆಮರದ ಎಲೆಯಷ್ಟು ದೊಡ್ಡ ಶವರ್ ತೋರಿಸಿ, ಇದು ಮಳೆಯ ಫೀಲಿಂಗ್ ಕೊಡ್ತದೆ ಎಂದ. ಬಂಟ್ವಾಳ ತಾಲೂಕಿನಲ್ಲಿ ಮಳೆಯನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವ ಜಾತಿಯೂ ಹುಟ್ಟಿಕೊಂಡಿದೆ ಎಂದು ಆವತ್ತು ಗೊತ್ತಾಯಿತು. ಅಲ್ಲಿಂದ ತೋಟದ ವಿಭಾಗ. ತೋಟದ ವಿಭಾಗದಲ್ಲಿ ಪ್ಲಾಸ್ಟಿಕ್ಕಿನ ಹುಲ್ಲು ಇತ್ತು, ಮನುಷ್ಯರು ಇರಲಿಲ್ಲ.

ಪಿತ್ತ ನೆತ್ತಿಗೇರಿತ್ತು. ‘ಒಂದು ರಾಟೆ ಅಂದರೆ ಗೊತ್ತಿರುವ ಒಬ್ಬ ಮನುಷ್ಯ ಈ ಕಟ್ಟಡದಲ್ಲಿ ಇಲ್ಲವಾ?’ ಎಂದು ದಾರಿಯ ನಡುವೆ ನಿಂತು ಜೋರಾಗಿಯೇ ಕೇಳಿದೆ. ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು, ಐವತ್ತರ ಹತ್ತಿರದವಳು, ಕೋಲು ಹಿಡಿದುಕೊಂಡೇ ಹತ್ತಿರ ಬಂದು ತುಳುವಿನಲ್ಲಿ ‘ಬಾವಿಯ ರಾಟೆಯಾ ಅಮ್ಮಾ? ಅದು ಇಲ್ಲಿ...’ ಎಂದು ಶುರು ಮಾಡಿದಳು. ಇನ್ನು ಇವಳೊಬ್ಬಳು ಬಾಕಿ ಇದ್ದಳು ನನಗೆ ಬುದ್ಧಿ ಹೇಳಲಿಕ್ಕೆ! ‘ನೀನು ನೆಲ ಒರೆಸು. ನಾನು ಕೇಳಿದ್ದು ಗೊತ್ತಿರುವವರನ್ನು’ ಎಂದೆ. ಅವಳು ಬಕೆಟ್ಟು ಎತ್ತಿಕೊಂಡು ಆಚೆ ಹೋದಳು.

ಕೊನೆಗೆ ಮ್ಯಾನೇಜರ ಸಿಕ್ಕಿದ. ದಯಾನಂದ ಎಂದು ಹೆಸರು, ಮೂವತ್ತರ ಆಸುಪಾಸಿನವನು, ಕೊರಳಿಗೆ ಟೈ, ಮುಖದಲ್ಲಿ ಅಂಟಿಸಿದ ನಗೆ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಕೇಳಿ, ‘ನೀವು ನಮಗೆ ತುಂಬ ಮುಖ್ಯ ಮೇಡಂ’ ಎಂದ. ನನಗೆ ಮುಖ್ಯವಾದದ್ದು ರಾಟೆ ಎಂದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ ಒಂದು ಚಿತ್ರ ತೋರಿಸಿದ. ಉರುಟು ಚಕ್ರ, ಮೇಲೆ ಕೊಕ್ಕೆ, ನೋಡಲು ರಾಟೆಯೇ. ಇವರ ಆನ್‌ಲೈನ್ ಗೋದಾಮಿನಲ್ಲಿ ಉಂಟಂತೆ, ನಾಳೆ ಮನೆಗೇ ಬರುತ್ತದಂತೆ. ಶುಕ್ರವಾರ ಬಂದರೆ ಸಾಕು ಎಂದು ನಾನೂ ಸಮಾಧಾನದಲ್ಲಿ ಬಸ್ಸು ಹತ್ತಿದೆ. ಗೇಟಿನಲ್ಲಿ ವಾಚ್‌ಮ್ಯಾನ್ ಆ ಆರ್ಡರಿನ ಚೀಟಿಯನ್ನೂ ಕಸಿದು, ನೋಡದೆ, ಒಂದು ತೂತು ಹೊಡೆದು ಕೊಟ್ಟ.

ಶುಕ್ರವಾರ ಬಂತು. ಒಂದು ಸಣ್ಣ ಟಿ.ವಿ. ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಇನ್ನೊಂದು ಪೆಟ್ಟಿಗೆ. ಅದರ ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಅವುಗಳ ನಡುವೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕುವ ಬಿಳಿ ಪ್ಲಾಸ್ಟಿಕ್ಕಿನ ಚಕ್ರ, ನಿಂಬೆಹಣ್ಣಿನಷ್ಟು. ಜಿನರಾಜರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿ, ‘ಒಂದು ಲೋಟ ಕಟ್ಟಿ ಇಳಿಸಿದರೆ ಎರಡು ದಿನದಲ್ಲಿ ಒಂದು ಕೊಡಪಾನ ಆಗಬಹುದು’ ಎಂದರು. ನನಗೆ ನಗು ಬರಲಿಲ್ಲ.

ಅವರ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಮತ್ತೆ ಒಂದು ಒತ್ತಿ. ಇಪ್ಪತ್ತೆರಡು ನಿಮಿಷ ಪಿಟೀಲು ಕೇಳಿಸಿ, ಆಮೇಲೆ ಎಲ್ಲಿಯದೋ ಊರಿನ ಹುಡುಗಿ ಹಿಂದಿಯಲ್ಲಿ ಬಂದಳು. ನನ್ನ ಹಿಂದಿ ಅವಳಿಗೆ ತಲುಪಲಿಲ್ಲ, ಅವಳದು ನನಗೆ ಬೇಕಾಗಿರಲಿಲ್ಲ. ಫೋನ್ ಇಟ್ಟ ಕೂಡಲೇ ಮೆಸೇಜು ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಒಂದಕ್ಕಿಂತ ಕಡಿಮೆ ಕೊಡಲು ಅದರಲ್ಲಿ ದಾರಿ ಇರಲಿಲ್ಲ. ಮೂವತ್ತೊಂದು ವರ್ಷ ಸೊನ್ನೆ ಹಾಕಬೇಕಾದಲ್ಲಿ ಸೊನ್ನೆಯೇ ಹಾಕಿದವಳಿಗೆ ಇದು ದೊಡ್ಡ ಸಂಕಟ.

ಶನಿವಾರ ಬೆಳಿಗ್ಗೆ ಎರಡನೆಯ ಸಲ ಹೋದೆ. ವಾಪಸು ತೆಗೆದುಕೊಳ್ಳುವ ಕೌಂಟರಿನಲ್ಲಿ ಟೋಕನ್ ನಲವತ್ತೇಳು. ನನ್ನ ಸರದಿ ಬಂದಾಗ ಆ ಹುಡುಗಿ ಪೆಟ್ಟಿಗೆ ಬಿಚ್ಚಿ ನೋಡಿ, ‘ಗಾಳಿ ಚೀಲಗಳು ಎಲ್ಲಿ ಮೇಡಂ? ಪ್ಯಾಕಿಂಗ್ ಪೂರ್ತಿ ಬೇಕು’ ಎಂದಳು. ಅವನ್ನು ನಮ್ಮ ಯಜಮಾನರು ಕೂತುಕೊಂಡು ಒಂದೊಂದಾಗಿ ಒಡೆದಿದ್ದರು. ‘ಗಾಳಿ ನಮ್ಮ ಮನೆಯಲ್ಲೇ ಉಂಟು, ಬಂದು ತುಂಬಿಸಿಕೊಂಡು ಹೋಗಿ’ ಎಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದೆ. ರಾಟೆ ಇಲ್ಲದಿದ್ದರೂ ಹಗ್ಗವಾದರೂ ಇರಲಿ ಎಂದು ಹದಿನೈದು ಮೀಟರ್ ಹಗ್ಗ ತೆಗೆದೆ. ಹಗ್ಗ ಕತ್ತರಿಸುವವನು ಚಾ ಕುಡಿದು ಬರಲು ಅರ್ಧ ಗಂಟೆ. ಬಿಲ್ ಮಾಡಿಸಿ ಈ ಸಲ ಇನ್ನೊಂದು ಬಾಗಿಲಿನಿಂದ ಹೊರಟೆ. ಅಲ್ಲಿ, ಐಸ್‌ಕ್ರೀಂ ಅಂಗಡಿಯ ಪಕ್ಕದಲ್ಲಿ, ನನ್ನ ಕಾಲು ನಿಂತಿತು.

ಒಂದು ಬಾವಿ! ಫೈಬರಿನ ಕಲ್ಲು, ಫೈಬರಿನ ಪಾಚಿ, ಒಳಗೆ ನೀಲಿ ಬಲ್ಬು. ಮೇಲೆ ‘ನಮ್ಮ ಹಳ್ಳಿಯ ಸೊಗಡು’ ಎಂಬ ಬೋರ್ಡು. ಜನ ಅದರ ಕಟ್ಟೆಗೆ ಒರಗಿ ಸೆಲ್ಫಿ ತೆಗೆಯುತ್ತಿದ್ದರು. ಅಷ್ಟೆಲ್ಲ ಸುಳ್ಳಿನ ನಡುವೆ ಅಡ್ಡಮರದಿಂದ ತೂಗುತ್ತಿದ್ದದ್ದು ಮಾತ್ರ ಸತ್ಯವಾದ ರಾಟೆ. ಹಲಸಿನ ಮರದ ಚಕ್ರ, ಕಬ್ಬಿಣದ ಅಚ್ಚು, ಹಗ್ಗ ಓಡಿ ಓಡಿ ನುಣುಪಾದ ತೋಡು. ಎಷ್ಟೋ ವರ್ಷ ನೀರು ಕಂಡ ರಾಟೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಎರಡು ದಿನದಿಂದ ಇದು ಇಲ್ಲೇ ಇತ್ತು, ಇವರ ಇಪ್ಪತ್ತಾರು ಮಂದಿ ಇದರ ಕೆಳಗೆಯೇ ಓಡಾಡುತ್ತಿದ್ದರು!

ದಯಾನಂದನನ್ನು ಹಿಡಿದು ಎಳೆದು ತಂದೆ. ‘ಇದು ಎಂಥದು?’

‘ಡಿಸ್‌ಪ್ಲೇ ಐಟಮ್ ಮೇಡಂ. ಮಾರುವುದಕ್ಕಿಲ್ಲ.’

‘ಹಾಗಾದರೆ ಎರವಲು ಕೊಡಿ. ಸೋಮವಾರ ನಾನೇ ತಂದು ಕಟ್ಟಿ ಹೋಗ್ತೇನೆ.’

‘ಎರವಲಿಗೆ ಆಪ್ಷನ್ ಇಲ್ಲ ಮೇಡಂ. ಹೆಡ್ ಆಫೀಸಿಗೆ ಮೇಲ್ ಮಾಡಬೇಕು. ಏಳು ದಿನದಲ್ಲಿ ಉತ್ತರ ಬರ್ತದೆ.’

ಮುನಿಗಳು ನಾಳೆ ಬರುತ್ತಾರೆ ಎಂದೆ. ಅವನು ಮತ್ತೆ ನಾನು ತುಂಬ ಮುಖ್ಯ ಎಂದು ಹೇಳಿ, ಫೋನು ಬಂತೆಂದು ಒಳಗೆ ಹೋದ.

ನಾನು ಅಲ್ಲೇ ನಿಂತೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅರುವತ್ತೆರಡು ವರ್ಷದ ಹೆಂಗಸು ಫೈಬರಿನ ಬಾವಿಯ ಕಟ್ಟೆ ಹತ್ತಲು ನೋಡುವುದನ್ನು ಕಂಡು ಭವಿತ್ ಓಡಿ ಬಂದ. ತಡೆಯುತ್ತಾನೆ ಎಂದುಕೊಂಡೆ. ‘ಡೆಕೊರೇಶನ್ ಕಡೆಯವರಾ ಮೇಡಂ? ಒಂದು ನಿಮಿಷ’ ಎಂದು ಸ್ಟೂಲು ತಂದು ಇಟ್ಟು, ಬೀಳದಂತೆ ಹಿಡಿದುಕೊಂಡೂ ನಿಂತ. ಎರಡು ದಿನ ಕಿರುಚಿಕೊಂಡು ಕೇಳಿದಾಗ ಸಿಗದ ಸಹಾಯ ಕದಿಯಲು ಹೊರಟಾಗ ಸಿಕ್ಕಿತು. ರಾಟೆ ಬಿಚ್ಚಿ ಇಳಿಸಿ ಬಿಲ್ಲಿಂಗ್ ಹುಡುಗಿಯ ಮುಂದೆ ಇಟ್ಟೆ. ನ್ಯಾಯವಾಗಿ ಎಷ್ಟಾಗುತ್ತದೋ ತೆಗೆದುಕೊ ಎಂದೆ. ಅವಳು ಅದನ್ನು ಆಚೀಚೆ ಹೊರಳಿಸಿ ಬಾರ್‌ಕೋಡ್ ಹುಡುಕಿದಳು. ‘ಸಿಸ್ಟಮ್‌ನಲ್ಲಿ ಇಲ್ಲ ಮೇಡಂ. ಬಿಲ್ ಆಗುವುದಿಲ್ಲ. ನೆಕ್ಸ್ಟ್’ ಎಂದಳು.

ಸಿಸ್ಟಮ್‌ನಲ್ಲಿ ಇಲ್ಲದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಗೇಟಿನಲ್ಲಿ ವಾಚ್‌ಮ್ಯಾನ್ ಹಗ್ಗದ ಬಿಲ್ಲಿಗೆ ತೂತು ಹೊಡೆದ. ಚೀಲದಿಂದ ಅರ್ಧ ಚಕ್ರ ಹೊರಗೆ ಕಾಣುತ್ತಿತ್ತು.

ಮಧ್ಯಾಹ್ನ ಮನೆ ಮುಟ್ಟಿದಾಗ ಗೆದ್ದು ಬಂದವಳ ಹಾಗೆ ಕತೆ ಹೇಳಿದೆ. ಜಿನರಾಜರು ರಾಟೆಯನ್ನು ಕೈಯಲ್ಲಿ ಎತ್ತಿ, ತಿರುಗಿಸಿ, ಸಂತೋಷಪಟ್ಟರು. ಆಮೇಲೆ ಕೇಳಿದರು: ‘ಇದನ್ನು ಕೊಟ್ಟದ್ದು ಯಾರು?’

‘ಹೇಳಿದೆನಲ್ಲ, ಬಿಲ್ ಆಗುವುದಿಲ್ಲ ಅಂದರು.’

‘ಕೊಟ್ಟದ್ದು ಯಾರು ಅಂತ ಕೇಳಿದ್ದು ಮಾರಾಯ್ತಿ.’

ಕೊಡದೆ ತೆಗೆದುಕೊಂಡದ್ದೆಲ್ಲ ಕಳವು ಎಂದು ನಮ್ಮ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ಬಿದ್ದದ್ದಾಗಲಿ, ಮರೆತದ್ದಾಗಲಿ, ಯಾರದ್ದೂ ಅಲ್ಲ ಎಂದು ಕಂಡದ್ದಾಗಲಿ, ಯಾರಾದರೂ ‘ಕೊಟ್ಟೆ’ ಎಂದು ಬಾಯಿಬಿಟ್ಟು ಹೇಳದೆ ಮುಟ್ಟಬಾರದು.

‘ಕದ್ದ ರಾಟೆಯಲ್ಲಿ ಸೇದಿದ ನೀರನ್ನು ಮುನಿಗಳಿಗೆ ಹೇಗೆ ಕೊಡುವುದು? ನಾಳೆ ಬ್ರಹ್ಮಚಾರಿಗಳು ಕೇಳಿದರೆ ನಾನು ಎಂಥ ಹೇಳಲಿ? ನನಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತುಂಟು’ ಎಂದರು. ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅವರು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ. ಊಟಕ್ಕೂ ಕೂರದೆ ರಾಟೆಯನ್ನು ಮತ್ತೆ ಚೀಲಕ್ಕೆ ತುಂಬಿ ಎರಡು ಗಂಟೆಯ ಬಸ್ಸು ಹಿಡಿದೆ. ಆ ಕಟ್ಟಡದಲ್ಲಿ ಯಾರಾದರೂ ಒಬ್ಬರ ಬಾಯಿಯಿಂದ ‘ಕೊಟ್ಟೆ’ ಎಂಬ ಮಾತು ಹೊರಡಿಸದೆ ನಾಳೆ ನನಗೆ ಮುಖವಿಲ್ಲ.

ಮೂರನೆಯ ಸಲ ನಾನು ಮನೆಮಂಟಪದೊಳಗೆ ಕಾಲಿಡುವಾಗ ಆ ಸುಳ್ಳು ಬಾವಿಯ ಹತ್ತಿರ ಜನ ಸೇರಿದ್ದರು. ಗುರುವಾರದ ನೆಲ ಒರೆಸುವ ಹೆಂಗಸು ನಡುವೆ ನಿಂತಿದ್ದಳು. ದಯಾನಂದನ ಮುಖದ ನಗೆ ಎಲ್ಲಿಗೋ ಹೋಗಿತ್ತು. ಕೈಯಲ್ಲಿ ಒಂದು ಹಾಳೆ.

‘ಈ ಏರಿಯಾ ಕ್ಲೀನಿಂಗ್ ನಿನ್ನದು ಪೂವಮ್ಮ. ಇಲ್ಲಿ ನೋಡು, ಬರೆದುಂಟು, ಹೆರಿಟೇಜ್ ವೀಲ್ ಒಂದು. ಎಲ್ಲಿ ಹೋಯಿತು? ಹೇಳದಿದ್ದರೆ ನಾಳೆಯಿಂದ ಬರಬೇಡ.’

ನೋಡಿ ಇವರ ಚಂದ! ನನಗೆ ಬೇಕಾದಾಗ ಯಾವ ಲೆಕ್ಕದಲ್ಲೂ ಇಲ್ಲದ ರಾಟೆ, ಒಂದು ಬಡಪಾಯಿಯ ತಲೆಗೆ ಕಟ್ಟಬೇಕಾದಾಗ ಹಾಳೆಯಲ್ಲಿ ಹೆಸರು ಸಮೇತ ಹುಟ್ಟಿಕೊಂಡಿತ್ತು. ನಾನು ಚೀಲ ಕುಕ್ಕಿ ರಾಟೆ ಹೊರಗೆ ತೆಗೆದೆ. ‘ಅವಳಿಗೆ ಎಂಥ ಕೇಳುವುದು? ತೆಗೆದುಕೊಂಡು ಹೋದದ್ದು ನಾನು. ನಿನ್ನ ಹುಡುಗ ಸ್ಟೂಲು ಹಿಡಿದಿದ್ದಾನೆ, ನಿನ್ನ ವಾಚ್‌ಮ್ಯಾನ್ ತೂತು ಹೊಡೆದಿದ್ದಾನೆ.’

ದಯಾನಂದನಿಗೆ ನಗೆ ವಾಪಸು ಬಂತು. ‘ಹೌದಾ ಮೇಡಂ? ಪರವಾಗಿಲ್ಲ. ರಿಟರ್ನ್ ಕೌಂಟರಿನಲ್ಲಿ ಕೊಡಿ.’

ರಿಟರ್ನ್ ಕೌಂಟರಿನ ಹುಡುಗಿ ಅಲ್ಲಿಂದಲೇ ಕೂಗಿದಳು: ‘ಬಿಲ್ ಉಂಟಾ ಮೇಡಂ? ಬಿಲ್ ಇಲ್ಲದೆ ವಾಪಸು ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ.’

‘ಮಾರಲಿಕ್ಕೂ ಆಗುವುದಿಲ್ಲ, ವಾಪಸು ತೆಗೆದುಕೊಳ್ಳಲಿಕ್ಕೂ ಆಗುವುದಿಲ್ಲ. ಹಾಗಾದರೆ ನನಗೆ ಕೊಟ್ಟೆ ಅಂತ ಹೇಳಿ, ತೆಗೆದುಕೊಂಡು ಹೋಗ್ತೇನೆ’ ಎಂದೆ ದಯಾನಂದನಿಗೆ.

‘ಕೊಡಲಿಕ್ಕೆ ನನಗೆ ಅಧಿಕಾರ ಇಲ್ಲ ಮೇಡಂ.’

‘ಯಾರಿಗುಂಟು?’

ಅವನು ಸುತ್ತ ನೋಡಿದ. ಕೆಲಸದವರೆಲ್ಲ ಅವನನ್ನು ನೋಡಿದರು.

‘ಇಷ್ಟು ದೊಡ್ಡ ಕಟ್ಟಡ, ಇಷ್ಟು ದೀಪ, ಇಷ್ಟು ಮಂದಿ. ಒಂದು ಮರದ ಚಕ್ರವನ್ನು ಕೊಟ್ಟೆ ಅಂತ ಹೇಳುವ ಬಾಯಿ ಒಂದೂ ಇಲ್ಲವಾ? ನಾಚಿಕೆಯಾಗುವುದಿಲ್ಲವಾ ನಿಮಗೆ?’ ನನ್ನ ದನಿ ಹೈಸ್ಕೂಲಿನ ಕೊನೆಯ ಬೆಂಚಿನವರೆಗೂ ಮುಟ್ಟುವ ದನಿ. ಐಸ್‌ಕ್ರೀಂ ತಿನ್ನುತ್ತಿದ್ದವರೂ ತಿರುಗಿದರು.

‘ಕೊಡ್ಲಿಕ್ಕೆ ನನಗೆ ಆಗ್ತದೆ ಅಮ್ಮಾ’ ಎಂದಳು ಪೂವಮ್ಮ. ‘ಅದು ನನ್ನದೇ.’

ಅವಳು ರಾಟೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಅಚ್ಚಿನ ತುದಿಯನ್ನು ಬೆರಳಿನಿಂದ ತೋರಿಸಿದಳು ಅಷ್ಟೇ. ‘ಇಲ್ಲಿ ತಾಮ್ರದ ತಂತಿ ಸುತ್ತಿದ್ದು ನನ್ನ ಅಪ್ಪ. ಏಳು ಸುತ್ತು ಉಂಟು, ನೋಡಿ.’ ನಾನು ಎಣಿಸಿದೆ. ಏಳೇ ಇತ್ತು.

ಅಂಗಡಿಯ ಉದ್ಘಾಟನೆಯ ವಾರ ಆಗಿನ ಮ್ಯಾನೇಜರ ಎಲ್ಲ ಕೆಲಸದವರಿಗೂ ಮನೆಯಲ್ಲಿರುವ ಹಳೆಯ ಕಾಲದ ಸಾಮಾನು ತರಲು ಹೇಳಿದ್ದನಂತೆ, ಹದಿನೈದು ದಿನ ಅಲಂಕಾರಕ್ಕೆ ಇಟ್ಟು ವಾಪಸು ಕೊಡುತ್ತೇವೆ ಎಂದು. ಪೂವಮ್ಮನ ತವರು ಕನ್ಯಾನ. ಅಲ್ಲಿಂದ ಅಪ್ಪ ಕೊಟ್ಟ ರಾಟೆ ಪಾಣೆಮಂಗಳೂರಿನ ಅವಳ ಮನೆಯ ಬಾವಿಯಲ್ಲಿತ್ತು. ದೊಡ್ಡವರು ಕೇಳಿದರಲ್ಲ ಎಂದು ಬಿಚ್ಚಿ ತಂದು ಕೊಟ್ಟಳು. ಆ ಮ್ಯಾನೇಜರ ಹೋದ, ಇನ್ನೊಬ್ಬ ಬಂದ, ಅವನೂ ಹೋದ, ದಯಾನಂದ ಬಂದ. ಕೇಳಿದಾಗಲೆಲ್ಲ ರೆಕಾರ್ಡಿನಲ್ಲಿ ಇಲ್ಲ ಎಂಬ ಉತ್ತರ. ಈಗ ಹನ್ನೊಂದು ತಿಂಗಳು. ಅವಳು ದಿನಾ ತನ್ನದೇ ರಾಟೆಯ ಧೂಳು ಒರೆಸುತ್ತಿದ್ದಳು.

‘ಅದು ನನ್ನ ಕಾಲದಲ್ಲಿ ಆದದ್ದಲ್ಲ’ ಎಂದ ದಯಾನಂದ.

‘ನೀನು ಸುಮ್ಮನಿರು’ ಎಂದೆ ಅವನಿಗೆ. ‘ಮನೆಯಲ್ಲಿ ನೀರಿಗೆ ಎಂಥ ಮಾಡ್ತಿ ಪೂವಮ್ಮ?’

‘ನಳ್ಳಿಯಲ್ಲಿ ಎರಡು ದಿನಕ್ಕೊಮ್ಮೆ ಬರ್ತದೆ. ಉಳಿದ ದಿನ ಅಡ್ಡಮರಕ್ಕೆ ಹಗ್ಗ ಹಾಕಿ ಹಾಗೇ ಎಳೆಯುವುದು. ನೀರು ಬೇಕಲ್ಲ ಅಮ್ಮಾ?’ ಅವಳ ಅಂಗೈಯಲ್ಲಿ ಹಗ್ಗ ಉಜ್ಜಿದ ಗಾಯ ಗಟ್ಟಿಯಾಗಿ ಕಪ್ಪಾಗಿತ್ತು. ಬುಧವಾರ ಜಿನರಾಜರಿಗೆ ನಾನು ಗದರಿದ ಮಾತು ನೆನಪಾಯಿತು. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ‘ಮೊನ್ನೆ ನಾನು ನಿಮಗೆ ಹೇಳ್ಲಿಕ್ಕೆ ಬಂದದ್ದು ಇದನ್ನೇ’ ಎಂದಳು.

ಏನಾದರೂ ಹೇಳಬೇಕಿತ್ತು. ನಾಲ್ಕೂಕಾಲರ ಬಸ್ಸಿಗೆ ಹೊತ್ತಾಯಿತು ಎಂಬ ನೆವ ಇತ್ತು. ಮುನಿಗಳ ವಿಷಯವನ್ನೂ ನಮ್ಮ ಮನೆಯ ಗುರುತನ್ನೂ ಎರಡು ಮಾತಿನಲ್ಲಿ ಹೇಳಿ, ‘ನಾಳೆ ಒಂದು ಹೊತ್ತಿಗೆ ಕೊಡ್ತಿಯಾ?’ ಎಂದು ಕೇಳಿದೆ.

‘ಕೊಟ್ಟೆ ಅಮ್ಮಾ. ನಾಳೆ ನನಗೆ ರಜೆ. ನಾನೇ ಬಂದು ತೆಗೆದುಕೊಂಡು ಹೋಗ್ತೇನೆ. ಇವರ ಕೈಗೆ ಮಾತ್ರ ಮತ್ತೆ ಕೊಡಬೇಡಿ.’

ದಯಾನಂದ ಹಿಂದಿನಿಂದ ಗೇಟ್‌ಪಾಸು ಎಂದೇನೋ ಹೇಳುತ್ತಿದ್ದ. ನಾನು ತಿರುಗಿ ನೋಡಲಿಲ್ಲ. ವಾಚ್‌ಮ್ಯಾನ್ ಕೈ ಚಾಚಿದಾಗ ಬೆಳಗಿನ ಹಗ್ಗದ ಬಿಲ್ಲನ್ನೇ ಕೊಟ್ಟೆ. ಅವನು ಅದಕ್ಕೆ ಎರಡನೆಯ ತೂತು ಹೊಡೆದ.

ಭಾನುವಾರ ಬೆಳಕು ಹರಿಯುವಾಗ ರಾಟೆ ನಮ್ಮ ಬಾವಿಯ ಮೇಲೆ ತಿರುಗುತ್ತಿತ್ತು. ಮಡಿಯುಟ್ಟು ನಾನೇ ಸೇದಿದೆ, ಹೆಗಲು ನೋಯಲಿಲ್ಲ. ಸೋಸಿದೆ, ಬಟ್ಟೆಯನ್ನು ಮೆಲ್ಲನೆ ಬಾವಿಗೆ ಇಳಿಸಿ ತೊಳೆದೆ, ಅಡುಗೆ ಮಾಡಿದೆ. ಮೂಡುಬಿದಿರೆಯ ನಾದಿನಿಯರು ಬಂದು ರಾಟೆಯನ್ನು ನೋಡಿ, ಇಂಥದ್ದು ಈಗ ಎಲ್ಲಿ ಸಿಗುತ್ತದೆ ಅತ್ತಿಗೆ ಎಂದು ಕೇಳಿದರು. ಒಂಬತ್ತು ಗಂಟೆಗೆ ಪೂವಮ್ಮ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಬಾ ಎಂದರೆ ಬರಲಿಲ್ಲ, ಗೇಟಿನ ಹತ್ತಿರ ದಾಸವಾಳದ ಬುಡದಲ್ಲಿ ನಿಂತಳು. ಹತ್ತೂಮುಕ್ಕಾಲರ ಬಸ್ಸಿಗೆ ಹೋಗಬೇಕು ಎಂದಳು.

ಒಂಬತ್ತೂಮುಕ್ಕಾಲಿಗೆ ಮುನಿಗಳು ಬೀದಿಗೆ ಬಂದರು. ಬಲಗೈ ಹೆಗಲ ಮೇಲೆ, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ಯಾವ ಗುರುತು ಕಂಡರೆ ಯಾವ ಮನೆಗೆ ಹೋಗುವುದು ಎಂದು ಅವರು ಮನಸ್ಸಿನಲ್ಲೇ ಸಂಕಲ್ಪ ಮಾಡಿರುತ್ತಾರೆ, ಅದು ಅವರಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿಲ್ಲ. ಮೊದಲನೆಯ ಮನೆ ದಾಟಿದರು. ಎರಡನೆಯ ಮನೆ ದಾಟಿದರು. ನಾನು ಕಲಶ ಎತ್ತಿ ಹಿಡಿದೆ. ‘ನಮೋಸ್ತು, ನಮೋಸ್ತು, ನಮೋಸ್ತು! ಅತ್ರ ಅತ್ರ, ತಿಷ್ಠ ತಿಷ್ಠ’ ಎಂದು ಇಲ್ಲೇ ನಿಲ್ಲುವಂತೆ ನಾವಿಬ್ಬರೂ ಕೂಗಿ ಬೇಡಿದೆವು. ಮುನಿಗಳು ನಮ್ಮ ಅಂಗಳಕ್ಕೆ ತಿರುಗಿ ನನ್ನ ಎದುರು ನಿಂತರು. ಬ್ರಹ್ಮಚಾರಿಗಳು ನೀರು ಎಲ್ಲಿಯದ್ದು ಎಂದು ಕೇಳಿದರು.

‘ಬಾವಿಯದ್ದು, ಕೈಯಾರೆ ಸೇದಿದ್ದು’ ಎಂದರು ಜಿನರಾಜರು ದೊಡ್ಡದಾಗಿ. ಯಾರೂ ಕೇಳದಿದ್ದರೂ ‘ರಾಟೆಯೂ ಕೊಟ್ಟದ್ದೇ’ ಎಂದು ಸೇರಿಸಿದರು.

ಮೂರು ಪ್ರದಕ್ಷಿಣೆ ಬಂದೆವು. ಇನ್ನು ಉಳಿದದ್ದು ಒಂದೇ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ ಎಂದು ಮನೆಯವಳು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆಯೇ ಅವರು ಒಳಗೆ ಬರುವುದು. ಸಣ್ಣಂದಿನಿಂದ ಕಂಠಪಾಠವಾದ ಮಾತು.

‘ಮನಶುದ್ಧಿ’ ಎಂದೆ. ಅದು ಅಭ್ಯಾಸಬಲದಿಂದ ಹೊರಟಿತು. ಮುಂದಿನದಕ್ಕೆ ನಾಲಿಗೆ ಏಳಲಿಲ್ಲ. ಬಾಯಿಯ ತನಕ ಬಂದದ್ದು ಬೇರೆಯೇ ಮಾತು: ನೀನು ನೆಲ ಒರೆಸು, ನಾನು ಕೇಳಿದ್ದು ಗೊತ್ತಿರುವವರನ್ನು. ಮುನಿಗಳು ಕಣ್ಣು ತಗ್ಗಿಸಿ ಕಾಯುತ್ತಿದ್ದರು. ಹೇಳದಿದ್ದರೆ ಹನ್ನೆರಡು ವರ್ಷದ ಹಿಂದಿನ ಹಾಗೆ ತಿರುಗಿ ಹೋಗುತ್ತಾರೆ. ಸುಮ್ಮನೆ ಹೇಳಿಬಿಡಬಹುದಿತ್ತು, ಯಾರಿಗೆ ಗೊತ್ತಾಗುತ್ತದೆ? ಜಿನರಾಜರು ಗಾಬರಿಯಿಂದ ನನ್ನ ಮುಖ ನೋಡಿದರು.

ನಾನು ಕಲಶ ಹಿಡಿದುಕೊಂಡೇ ಗೇಟಿನ ಕಡೆಗೆ ತಿರುಗಿದೆ. ‘ಪೂವಮ್ಮ, ಗುರುವಾರ ನಿಮಗೆ ಹೇಳಿದ ಮಾತು ತಪ್ಪಾಯಿತು. ನನ್ನನ್ನು ಕ್ಷಮಿಸಿ’ ಎಂದೆ. ನಾದಿನಿಯರಿಗೂ ಬೀದಿಯವರಿಗೂ ಕೇಳುವ ಹಾಗೆಯೇ ಹೇಳಿದೆ. ನನಗೆ ಸಣ್ಣ ದನಿ ಇಲ್ಲ.

ಪೂವಮ್ಮ ನಾಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ‘ಅಯ್ಯೋ, ಅದಕ್ಕೆ ಎಂಥ ಅಮ್ಮಾ? ಅಲ್ಲಿಗೆ ಬರುವವರೆಲ್ಲ ನನಗೆ ಹಾಗೇ ಹೇಳುವುದು’ ಎಂದಳು.

ಆ ಎಲ್ಲರೊಳಗೆ ನಾನೂ ಒಬ್ಬಳು. ಅದನ್ನು ನುಂಗಿಕೊಂಡು, ಮುನಿಗಳ ಕಡೆಗೆ ತಿರುಗಿ, ಉಳಿದ ಮೂರನ್ನೂ ಹೇಳಿದೆ. ಮುನಿಗಳು ಹೊಸ್ತಿಲು ದಾಟಿ ಒಳಗೆ ಬಂದರು, ನಿಂತರು, ಬೊಗಸೆಯೊಡ್ಡಿದರು. ಮೊದಲು ನೀರು ಹಾಕಿದೆ.